ಸುರಪುರದ ಹುಡೇವಿಗೆ ನಾಲ್ಕು ಎತ್ತರ

ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ, ರಾಯಚೂರು ದಾಟಿ, ಸೈದಾಪುರದಲ್ಲಿ ಒಂದು ನಿಮಿಷ ನಿಂತು, ಶುಕ್ರವಾರ ಸಂಜೆ ಐದೂವರೆಗೆ ನಾನು ಯಾದಗಿರಿ ನಿಲ್ದಾಣದಲ್ಲಿ ಇಳಿದೆ. ಧಾರವಾಡ ಬಿಟ್ಟು ಅಷ್ಟರಲ್ಲಿ ಒಂದು ರಾತ್ರಿ, ಎರಡು ಹಗಲು ಕಳೆದಿದ್ದವು. ಹಾಸಿಗೆಯ ಸುರುಳಿ, ಕೊಡೆ, ಐವತ್ತು ಅಡಿಯ ಅಳತೆಪಟ್ಟಿ ಮತ್ತು ಒಂದು ಲಕೋಟೆ, ಇಷ್ಟು ನನ್ನ ಸಾಮಾನು. ಇವುಗಳಲ್ಲಿ ಲಕೋಟೆಯೇ ಹೆಚ್ಚು ಭಾರವಾಗಿತ್ತು.

ರಾಜ್ಯಗಳು ಒಂದಾದ ಮೇಲೆ ಬಂದ ಎರಡನೆಯ ಬೇಸಿಗೆಯ ಮೊದಲ ದಿನಗಳು ಅವು. ಅಲ್ಲಿಯವರೆಗೆ ಧಾರವಾಡ ಮುಂಬಯಿಗೆ ಸೇರಿತ್ತು, ಯಾದಗಿರಿ ಹೈದರಾಬಾದಿಗೆ. ಎರಡೂ ಕಡೆಯವರು ಕನ್ನಡದಲ್ಲೇ ಬೈದಾಡುತ್ತಿದ್ದೆವು, ಆದರೆ ಬೇರೆ ಬೇರೆ ಸರ್ಕಾರಗಳಿಗೆ ಅರ್ಜಿ ಬರೆಯುತ್ತಿದ್ದೆವು. ಈಗ ಅರ್ಜಿಗಳೆಲ್ಲ ಒಂದೇ ಮೇಜಿಗೆ ಬರುತ್ತಿದ್ದವು. ಲಕೋಟೆಯಲ್ಲಿದ್ದದ್ದು ಅಂಥದೊಂದು. ಬರೆದವರು ಸುರಪುರದ ಒಂದು ಪ್ರಾಥಮಿಕ ಶಾಲೆಯ ಹೆಡ್‌ಮಾಸ್ತರರು. ಅವರ ದೂರು ಇದು: ಯಾದಗಿರಿಯ ಹೈಸ್ಕೂಲೊಂದರ ಇಬ್ಬರು ಮೆಟ್ರಿಕ್ ಹುಡುಗರು ಪ್ರತಿ ಭಾನುವಾರ ಬಂದು, ಈ ಪ್ರಾಥಮಿಕ ಶಾಲೆಯ ಕೋಣೆಯಲ್ಲಿ ಸಣ್ಣ ಮಕ್ಕಳನ್ನು ಕೂಡಿಸಿ, ಪಠ್ಯದಲ್ಲಿಲ್ಲದ ಗಣಿತ ಮತ್ತು ಪದಾರ್ಥ ವಿಜ್ಞಾನ ಹೇಳುತ್ತಿದ್ದಾರೆ. ಬರುವ ಮಕ್ಕಳಲ್ಲಿ ಕೆಲವರ ಹೆಸರು ಹಾಜರಿ ಪುಸ್ತಕದಲ್ಲೇ ಇಲ್ಲ. ಊರಿನ ಹುಡೇವು ಒಂದೇ ಇರುವಾಗ ಅದಕ್ಕೆ ನಾಲ್ಕು ಎತ್ತರಗಳನ್ನು ಶಾಲೆಯ ಗೋಡೆಯ ಮೇಲೆ ಬರೆಸಿ ತಿಂಗಳಾದರೂ ಅಳಿಸಿಲ್ಲ. ಹುಡೇವು ಎಂದರೆ ಹಳೆಯ ಕಾಲದ ಗುಂಡನೆಯ ಕಲ್ಲಿನ ಕಾವಲು ಗೋಪುರ.

ಇದು ಗಣಿತದ ವಿಷಯವಾದ್ದರಿಂದ ಇಪ್ಪತ್ತಾರು ವರ್ಷ ಗಣಿತ ಕಲಿಸಿದ ಒಬ್ಬನನ್ನು ಕಳಿಸಬೇಕೆಂದು ವಿದ್ಯಾ ಇಲಾಖೆ ತೀರ್ಮಾನಿಸಿತು. ನಾನು ನೋಡಿ ಬಂದು, 'ಸದರಿ ತರಗತಿ ಮುಂದುವರಿಯಬಹುದೇ' ಎಂಬ ಪ್ರಶ್ನೆಯ ಮುಂದೆ ಹೌದು ಅಥವಾ ಇಲ್ಲ ಎಂದು ಬರೆಯಬೇಕು. ಹೌದು ಎಂದರೆ ಕೋಣೆ ಉಳಿಯುತ್ತದೆ, ಇಲ್ಲ ಎಂದರೆ ಬೀಗ. ನಾಲ್ಕು ಎತ್ತರದ ಮಾತು ಓದಿದಾಗಲೇ ನನ್ನ ಮನಸ್ಸು ಬೀಗದ ಕಡೆ ವಾಲಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಆ ಸಂಜೆ ಸ್ಟೇಶನ್ನಿನ ಎದುರಿನ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ ಊಟ ಮಾಡುತ್ತಿದ್ದಾಗ ಆರೋಪಿಗಳು ತಾವಾಗಿ ಬಂದು ಎದುರಿಗೆ ನಿಂತರು. ಒಬ್ಬ ಸಾಬಣ್ಣ, ಎತ್ತರದ ಹುಡುಗ, ಮಾತಾಡುವ ಮೊದಲು ನೆಲ ನೋಡುವವನು. ಇನ್ನೊಬ್ಬ ಖಾಜಾ, ಗಿಡ್ಡ, ನೆಲ ನೋಡುವ ಅಭ್ಯಾಸವೇ ಇಲ್ಲದವನು. ಇಬ್ಬರಿಗೂ ಮುಂದಿನ ತಿಂಗಳು ಮೆಟ್ರಿಕ್ ಪರೀಕ್ಷೆ. ಶನಿವಾರ ಶಹಾಪುರ, ಭಾನುವಾರ ಸುರಪುರ, ಇದು ಅವರ ಕ್ರಮ. ನಾನೂ ಅವರ ಜೊತೆಯಲ್ಲೇ ಹೋಗುವುದೆಂದು ನಿಶ್ಚಯವಾಯಿತು. ಪೊಲೀಸರೂ ಕಳ್ಳರೂ ಒಂದೇ ಬಸ್ಸಿನಲ್ಲಿ ಹೋಗುವುದರಲ್ಲಿ ಸರ್ಕಾರಕ್ಕೆ ನಷ್ಟವಿಲ್ಲ.

ಮರುದಿನ ಬೆಳಿಗ್ಗೆ ಬಸ್ಸು ಏಳಕ್ಕೆ ಎಂದರು, ಎಂಟಕ್ಕೆ ಹೊರಟಿತು. ಶಹಾಪುರಕ್ಕೆ ಇಪ್ಪತ್ತೆರಡು ಮೈಲಿ, ಚಾರ್ಜು ಹದಿನಾಲ್ಕು ಆಣೆ. ಹೊಸ ಪೈಸೆ ಬಂದಿದ್ದರೂ ಕಂಡಕ್ಟರು ಆಣೆಯಲ್ಲಿ ಕೇಳಿ, ಪೈಸೆಯಲ್ಲಿ ತೆಗೆದುಕೊಂಡು, ಉಳಿದ ಚಿಲ್ಲರೆಯನ್ನು ಭಗವಂತನಿಗೆ ಬಿಡುತ್ತಿದ್ದ. ಭೀಮಾ ನದಿ ದಾಟಿದ ಮೇಲೆ ಎರಡೂ ಕಡೆ ಕಪ್ಪು ನೆಲ, ಕೊಯ್ದ ಜೋಳದ ಕೂಳೆ, ಹತ್ತಿಯ ಹೊಲಗಳಲ್ಲಿ ಬಾಗಿದ ಹೆಂಗಸರು. ಒಂಬತ್ತಕ್ಕೇ ಬಸ್ಸಿನ ತಗಡು ಕೈ ಇಡಲಾಗದಷ್ಟು ಕಾದಿತ್ತು.

ಈ ಉಸಾಬರಿ ನಿಮಗೆ ಯಾಕೆ ಬೇಕಾಯಿತು ಎಂದು ಸಾಬಣ್ಣನನ್ನು ಕೇಳಿದೆ. ಅವನು ಬಸ್ಸಿನ ನೆಲ ನೋಡುತ್ತಲೇ ಹೇಳಿದ.

"ನಾ ಸಾಲಿಗಿ ಹೋಗಾಕತ್ತಿದಾಗ ಲೆಕ್ಕ ಉರ್ದುದಾಗ ಇತ್ರಿ. ಎಲ್ಲಾ ಬಾಯಿಪಾಠ ಮಾಡಿದ್ದೆ. ಆಮ್ಯಾಲ ಕನ್ನಡ ಬಂತು. ಅವೇ ಲೆಕ್ಕ, ಒಂದೂ ಬರಲಿಲ್ಲ. ಆಗ ಗೊತ್ತಾತ್ರಿ, ನನಗ ಲೆಕ್ಕ ಬರ್ತಿದ್ದಿಲ್ಲ, ಪಾಠ ಬರ್ತಿತ್ತು."

ಕಿಟಕಿಯ ಪಕ್ಕದಿಂದ ಖಾಜಾ ಹೇಳಿದ: "ನನಗ ಎರಡೂ ಬರ್ತಿದ್ದಿಲ್ರಿ. ಅದಕ್ಕ ಅಷ್ಟು ತ್ರಾಸ ಆಗಲಿಲ್ಲ."

ಆಮೇಲೆ ಇಬ್ಬರೂ ಕೂತು, ಪುಸ್ತಕ ಬದಿಗಿಟ್ಟು, ಒಂದೊಂದು ಲೆಕ್ಕವನ್ನೂ ಕಲ್ಲು, ಹಗ್ಗ, ಕೋಲುಗಳಿಂದ ಮತ್ತೆ ಮಾಡಿ ನೋಡಿದರಂತೆ. ಮಾಡಿದಂತೆಲ್ಲ ಹುಚ್ಚು ಹಿಡಿಯಿತಂತೆ. ನೋಡಲು ಬಂದ ಓಣಿಯ ಸಣ್ಣ ಮಕ್ಕಳಿಗೂ ಹಿಡಿಯಿತು. ಖಾಜಾನ ಅಕ್ಕನ ಮನೆ ಶಹಾಪುರದಲ್ಲಿ, ಸಾಬಣ್ಣನ ಸೋದರಮಾವ ಸುರಪುರದಲ್ಲಿ. ಹೀಗೆ ಬಂಧುಗಳ ಮನೆಯ ಊಟದ ಬಲದಿಂದ ವಿಜ್ಞಾನ ಎರಡು ತಾಲ್ಲೂಕುಗಳಿಗೆ ಹರಡಿತು.

ಶಹಾಪುರ ಸಮೀಪಿಸಿದಾಗ ಸಾಬಣ್ಣ ಇನ್ನೊಂದು ಮಾತು ಹೇಳಿದ. ಸುರಪುರದಲ್ಲಿ ನಿಂಗಮ್ಮ ಎಂಬ ಹತ್ತು ವರ್ಷದ ಹುಡುಗಿ ಇದ್ದಾಳೆ. ಅವಳಪ್ಪ ಕುರಿ ಕಾಯುವವನು, ಮನೆಯಲ್ಲಿ ಕಂಬಳಿ ನೇಯುತ್ತಾರೆ. ವಾರಕ್ಕೆ ಆರು ದಿನ ಅವಳು ಕುರಿಯ ಹಿಂದೆ. ಭಾನುವಾರ ಅಪ್ಪ ಕಂಬಳಿ ಮಾರಲು ಊರಿಗೆ ಬರುವಾಗ ಅವಳನ್ನು ಈ ತರಗತಿಯಲ್ಲಿ ಬಿಟ್ಟು ಹೋಗುತ್ತಾನೆ. "ಉಳದ ಹುಡುಗರಿಗಿ ಸೋಮವಾರ ಸಾಲಿ ಐತ್ರಿ. ಆಕಿಗಿ ಇದೊಂದ ಐತಿ," ಎಂದ. ನನಗೆ ಕೊಟ್ಟ ನಮೂನೆಯಲ್ಲಿ ಒಬ್ಬ ಹುಡುಗಿಗಾಗಿ ಕಾಲಂ ಇರಲಿಲ್ಲ.

ಶಹಾಪುರದ ಗುಡ್ಡ ದೂರದಿಂದ ಅಂಗಾತ ಮಲಗಿದ ಮನುಷ್ಯನಂತೆ ಕಾಣುತ್ತದೆ. ಅದರ ಕೆಳಗೆ ಊರು ಮಾತ್ರ ಎಚ್ಚರವಾಗಿತ್ತು. ಕಾಳಿನ ಬಜಾರಿನಲ್ಲಿ ಜೋಳದ ಚೀಲಗಳು, ಹತ್ತಿಯ ಗಾಡಿಗಳು, ಧೂಳು. ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಬಜಾರಿನ ಹಿಂದಿನ ಬಯಲಿನಲ್ಲಿ ಮೂವತ್ತು ಮಕ್ಕಳು ಸೇರಿದರು. ಒಂದು ಉದ್ದನೆಯ ತೊಲೆ, ಅದರ ಒಂದು ತುದಿಯ ಹತ್ತಿರ ಕೆಳಗೆ ಒಂದು ಕಲ್ಲು. ಇಲ್ಲಿರುವವರಲ್ಲಿ ಎಲ್ಲರಿಗಿಂತ ಭಾರದವರು ಯಾರು ಎಂದು ಖಾಜಾ ಕೇಳಿದ. ಮೂವತ್ತು ಮಕ್ಕಳೂ ನನ್ನನ್ನು ನೋಡಿದರು. ಅಷ್ಟು ಒಮ್ಮತವನ್ನು ನಾನು ಯಾವ ಸಭೆಯಲ್ಲೂ ಕಂಡಿಲ್ಲ.

ಕೊಡೆ ಸಮೇತ ನಾನು ತೊಲೆಯ ಗಿಡ್ಡ ತುದಿಯ ಮೇಲೆ ನಿಂತೆ. ಆರೇಳು ವರ್ಷದ ಇಬ್ಬರು ಹುಡುಗಿಯರು ಉದ್ದನೆಯ ತುದಿಯನ್ನು ಒತ್ತಿದರು. ನಾನು ನೆಲ ಬಿಟ್ಟು ಒಂದು ಗೇಣು ಮೇಲೆದ್ದೆ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ನನ್ನನ್ನು ಯಾರಾದರೂ ಮೇಲೆತ್ತಿದ್ದು ಅದೇ ಮೊದಲು. ಕಲ್ಲನ್ನು ಎಲ್ಲಿಗೆ ಸರಿಸಿದರೆ ಮಾಸ್ತರರು ಏಳುವುದಿಲ್ಲ ಎಂದು ಖಾಜಾ ಕೇಳಿದ. ಆ ಪ್ರಶ್ನೆಗೆ ಉತ್ತರ ಸಿಗುವವರೆಗೆ ನನ್ನನ್ನು ಒಂಬತ್ತು ಸಲ ಏರಿಸಿ ಇಳಿಸಿದರು. ಅವನು ಒಂದು ಸಲವೂ ಉತ್ತರ ಹೇಳಲಿಲ್ಲ ಎಂಬುದನ್ನು ಗಮನಿಸಿದೆ. ಕಲಿಸುವುದು ಗೊತ್ತಿಲ್ಲದವರು ಹೀಗೆ ಮಾಡುತ್ತಾರೆ ಎಂದುಕೊಂಡೆ.

ಆ ರಾತ್ರಿ ಖಾಜಾನ ಅಕ್ಕನ ಮನೆಯವರು ನಮಗೆ ಅಂಗಳದಲ್ಲಿ ಹೊರಸು ಹಾಕಿಕೊಟ್ಟರು. ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಸುರಪುರಕ್ಕೆ ಹೊರಟೆವು. ದಾರಿ ಹದಿನಾರು ಹದಿನೇಳು ಮೈಲಿ ಇರಬಹುದು. ಊರು ಹತ್ತಿರವಾದಂತೆ ನೆಲದಿಂದ ಬಂಡೆಗಳು ಏಳತೊಡಗಿದವು. ಕಡೆಗೆ ಮನೆ ಯಾವುದು, ಬಂಡೆ ಯಾವುದು ಎಂದು ಹೇಳುವುದು ಕಷ್ಟವಾಯಿತು.

ಹೆಡ್‌ಮಾಸ್ತರರು ಶಾಲೆಯ ಬಾಗಿಲಲ್ಲೇ ನಿಂತಿದ್ದರು. ಐವತ್ತರ ವಯಸ್ಸು, ತೊಳೆದ ಧೋತರ, ಬಗಲಲ್ಲಿ ಹಾಜರಿ ಪುಸ್ತಕ. ನನಗೆ ಚಹಾ ತರಿಸಿದರು. ಅವರು ಕೆಟ್ಟವರಲ್ಲ ಎಂದು ಎರಡೇ ಮಾತಿನಲ್ಲಿ ತಿಳಿಯಿತು. "ಸಾಹೇಬ್ರ, ನಾ ಈ ಹುಡುಗರ ವೈರಿ ಅಲ್ರಿ. ನನ್ನ ಪುಸ್ತಕದಾಗ ಇಲ್ಲದ ಕೂಸು ನನ್ನ ಕೋಣ್ಯಾಗ ಕಾಲು ಮುರಕೊಂಡ್ರ ಸರ್ಕಾರ ಯಾರನ್ನ ಕೇಳ್ತೈತಿ?" ಎಂದರು. ಅವರು ನನ್ನನ್ನು ಹಿಂದಿನ ಗೋಡೆಗೆ ಕರೆದೊಯ್ದು ತೋರಿಸಿದರು. ಸೀಮೆಸುಣ್ಣದಲ್ಲಿ ನಾಲ್ಕು ಸಾಲು: ನಿಂಗಮ್ಮ, ಮೂವತ್ತು ಮೊಳ. ದೇವಿಂದ್ರ, ಇಪ್ಪತ್ತೆಂಟು ಮೊಳ. ಗೌರಿ, ಮೂವತ್ತೈದು ಮೊಳ. ಭೀಮಶಾ, ಮೂವತ್ತಾರು ಮೊಳ.

"ಹುಡೇವು ಒಂದ ಐತ್ರಿ," ಎಂದರು ಹೆಡ್‌ಮಾಸ್ತರರು, ಸಾವಿನ ಸುದ್ದಿ ಹೇಳುವ ಧ್ವನಿಯಲ್ಲಿ.

ಮಕ್ಕಳು ಬಂದು ಸೇರಿದ್ದರು. ಅಳೆದದ್ದು ಹೇಗೆಂದು ಸಾಬಣ್ಣ ವಿವರಿಸಿದ. ಪ್ರತಿಯೊಂದು ಮಗುವೂ ತನ್ನ ಕೈಯಿಂದ, ಅಂದರೆ ಮೊಣಕೈಯಿಂದ ಬೆರಳ ತುದಿಯವರೆಗೆ, ಎರಡು ಮೊಳದ ಕೋಲು ಕಡಿದುಕೊಂಡಿತ್ತು. ಕೋಲನ್ನು ಬಿಸಿಲಲ್ಲಿ ನೆಟ್ಟು, ಅದರ ನೆರಳಿನಷ್ಟು ಉದ್ದದ ಹಗ್ಗ ತೆಗೆದುಕೊಂಡು, ಆ ಹಗ್ಗ ಹುಡೇವಿನ ನೆರಳಿನಲ್ಲಿ ಎಷ್ಟು ಸಲ ಹಿಡಿಯುತ್ತದೆ ಎಂದು ನೋಡಿತ್ತು. ಹದಿನೈದು ಸಲ ಹಿಡಿದರೆ ಹುಡೇವು ಹದಿನೈದು ಕೋಲಿನ ಎತ್ತರ, ಅಂದರೆ ಮೂವತ್ತು ಮೊಳ. ವಿಧಾನ ಸರಿಯಾಗಿಯೇ ಇತ್ತು. ಆದರೆ ಎಲ್ಲರಿಗೂ ಒಂದೇ ಅಳತೆಯ ಕೋಲು ಕೊಡುವುದು ಬಿಟ್ಟು ಇದೇನು ಎಂದು ಕೇಳಲು ಬಾಯಿ ತೆರೆದವನು, ಮೊದಲು ಮಕ್ಕಳನ್ನೇ ಪರೀಕ್ಷಿಸೋಣ ಎಂದು ನಿಂಗಮ್ಮ ಯಾರು ಎಂದೆ.

ಕೂದಲಿಗೆ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದಿದ್ದ ಒಂದು ಹುಡುಗಿ ಎದ್ದು ನಿಂತಳು. ಕೈಯಲ್ಲಿ ಅದೇ ಕೋಲು.

"ಯಾವುದು ಖರೆ ಹೇಳವಾ, ಮೂವತ್ತೋ, ಇಪ್ಪತ್ತೆಂಟೋ?"

"ಯಾರಿಗ್ರಿ?" ಎಂದಳು.

ನನ್ನ ಪ್ರಶ್ನೆ ಅವಳಿಗೆ ತಿಳಿಯಲಿಲ್ಲ ಎಂದುಕೊಂಡು ಇನ್ನೊಮ್ಮೆ ಕೇಳಿದೆ. ಅವಳು, ಈ ದೊಡ್ಡವರಿಗೆ ತಿಳಿಯಲಿಲ್ಲ ಎಂಬಂತೆ, ಇನ್ನೊಮ್ಮೆ ನಿಧಾನವಾಗಿ ಹೇಳಿದಳು. "ನಮ್ಮಲ್ಲಿ ಕಂಬಳಿ ಕೊಳ್ಳಾಕ ಬಂದವ್ರ ಕೈಯಿಂದನ ಮೊಳ ಹಾಕ್ತಾರ್ರಿ. ಹೊದಿಯಾವ್ರು ಅವರ ಅಲ್ಲೇನ್ರಿ? ನಮ್ಮಪ್ಪನ ಮೊಳ ಹಿಡದ್ರ ಸಣ್ಣವ್ರ ಕಾಲಿಗಿ ತೊಡಕ್ತೈತಿ. ನನಗ ಮೂವತ್ತು ಖರೇನ, ದೇವಿಂದ್ರಗ ಇಪ್ಪತ್ತೆಂಟು ಖರೇನ. ಅವನ ಕೈ ಉದ್ದ ಐತಿ."

ಅನುಪಾತ ಎಂಬ ಪದವನ್ನು ನಾನು ಇಪ್ಪತ್ತಾರು ವರ್ಷ ಹಲಗೆಯ ಮೇಲೆ ಬರೆದಿದ್ದೇನೆ. ಅದು ಹೊದ್ದುಕೊಳ್ಳುವ ವಸ್ತು ಎಂದು ನನಗೆ ಯಾರೂ ಹೇಳಿರಲಿಲ್ಲ.

ಆದರೂ ಸರ್ಕಾರಿ ಮನುಷ್ಯ ಮಾತನ್ನು ನಂಬಿ ಹಿಂತಿರುಗುವಂತಿಲ್ಲ. ಎಲ್ಲರೂ ಹುಡೇವಿಗೆ ಹೋದೆವು. ಅದು ಶಾಲೆಯಿಂದ ನೂರು ಹೆಜ್ಜೆ, ಗುಡ್ಡದ ಬುಡದಲ್ಲಿ. ಖಾಜಾ ಮೇಲೆ ಹತ್ತಿ ನನ್ನ ಅಳತೆಪಟ್ಟಿಯನ್ನು ಇಳಿಬಿಟ್ಟ. ಮೂವತ್ತೈದು ಅಡಿ. ಆಮೇಲೆ ನಾಲ್ವರ ಕೈಗಳನ್ನೂ ಅಳೆದೆ. ನಿಂಗಮ್ಮನ ಮೊಳ ಹದಿನಾಲ್ಕು ಇಂಚು, ದೇವಿಂದ್ರನದು ಹದಿನೈದು, ಏಳು ವರ್ಷದ ಗೌರಿಯದು ಹನ್ನೆರಡು. ನೆಲದ ಮೇಲೆ ಗುಣಿಸಿದೆ. ಮೂವರ ಹುಡೇವೂ ಮೂವತ್ತೈದು ಅಡಿಯೇ ಬಂತು. ಹೆಡ್‌ಮಾಸ್ತರರು ಬಗ್ಗಿ ನನ್ನ ಗುಣಾಕಾರವನ್ನು ತಾವೂ ಒಮ್ಮೆ ಮಾಡಿ ನೋಡಿದರು. ಭೀಮಶಾನ ಮೊಳವೂ ಹದಿನಾಲ್ಕೇ ಇಂಚು. ಅವನ ಹುಡೇವು ಮಾತ್ರ ನಲವತ್ತೆರಡು ಅಡಿಗೆ ಏರಿ ನಿಂತಿತು.

"ಇದು ತಪ್ಪು ಅಂತ ನಿಮಗ ಗೊತ್ತಿತ್ತೇನು?" ಎಂದು ಸಾಬಣ್ಣನನ್ನು ಕೇಳಿದೆ.

"ಗೊತ್ತಿತ್ರಿ."

"ಮತ್ತ ಒಂದು ತಿಂಗಳು ಯಾಕ ಬಿಟ್ರಿ ಗ್ವಾಡಿ ಮ್ಯಾಲ?"

"ನಾ ಅಳಿಸಿದ್ರ ನನ್ನ ಮಾತು ನಂಬ್ತಾರ್ರಿ, ಲೆಕ್ಕಾ ನಂಬಂಗಿಲ್ಲ. ತಪ್ಪು ಯಾರಿಗಿ ಸಿಗ್ತೈತೋ ಅವರ ಅಳಸ್ಬೇಕು. ಅದು ನಮ್ಮ ಕಾಯ್ದಾ."

ತಪ್ಪು ಎಲ್ಲಾಗಿದೆ ಎಂದು ನನಗೆ ಆಗಲೇ ಹೊಳೆದಿತ್ತು. ಹೇಳಲು ಬಾಯಿ ತೆರೆದೆ. ಅದು ಮಾಸ್ತರಿಕೆಯ ರೋಗ. ಮೇಲಿಂದ ಇಳಿದು ಬಂದ ಖಾಜಾ ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ನೋಡಿದ. ಹದಿನೇಳರ ಹುಡುಗ ನನಗೆ ಸುಮ್ಮನಿರಿ ಎನ್ನುತ್ತಿದ್ದಾನೆ. ನಾನು ಸುಮ್ಮನಾದೆ. ಗೊತ್ತಿರುವ ಉತ್ತರವನ್ನು ಮಕ್ಕಳ ಮುಂದೆ ನುಂಗಿಕೊಳ್ಳುವುದು ಎಷ್ಟು ಕಷ್ಟವೆಂದು ಅನುಭವವಿಲ್ಲದವರಿಗೆ ತಿಳಿಯದು. ಹತ್ತು ನಿಮಿಷ ಕಳೆಯಿತು, ಇಪ್ಪತ್ತು ಕಳೆಯಿತು. ಮಕ್ಕಳು ಭೀಮಶಾನ ಕೋಲನ್ನು ಅಳೆದರು, ಹಗ್ಗವನ್ನು ಎಳೆದು ನೋಡಿದರು, ಅವನ ಎಣಿಕೆಯನ್ನು ಸಂಶಯಿಸಿದರು. ಅವನು ಎಲ್ಲವನ್ನೂ ಸರಿಯಾಗಿ ಮಾಡಿದ್ದ, ಮತ್ತು ಅದನ್ನು ಗಟ್ಟಿಯಾಗಿ ಹೇಳುತ್ತಲೂ ಇದ್ದ.

ನಿಂಗಮ್ಮ ಈ ಗದ್ದಲದಲ್ಲಿರಲಿಲ್ಲ. ನಾವು ಬಂದಾಗ ಅವಳು ತನ್ನ ಕೋಲನ್ನು ನೆಟ್ಟು, ನೆರಳಿನ ತುದಿಗೆ ಒಂದು ಹರಳು ಇಟ್ಟಿದ್ದಳು. ಈಗ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ನೆರಳು ಹರಳನ್ನು ಬಿಟ್ಟು ಮೂರು ಬೆರಳು ಹಿಂದೆ ಸರಿದಿತ್ತು. ಅವಳು ತಲೆ ಎತ್ತದೆ ಕೇಳಿದಳು: "ಭೀಮಶಾ, ಹುಡೇವಿನ ನೆರಳು ಅಳದ ಮ್ಯಾಲ ಕೋಲಿಂದು ಯಾವಾಗ ಅಳದಿ?"

ಭೀಮಶಾ ಯೋಚಿಸಿದ. "ಭಜಿ ತಿಂದು ಬಂದು."

"ಎಷ್ಟು ತಿಂದಿ?"

"ನಾಕು."

"ನೀ ಭಜಿ ತಿನ್ನೂದ್ರಾಗ ನೆರಳು ಗಿಡ್ಡ ಆಗೇತಿ," ಎಂದಳು ನಿಂಗಮ್ಮ. "ಹುಡೇವಿಂದು ಮುಂಜಾನಿ ನೆರಳು, ಕೋಲಿಂದು ಆಮ್ಯಾಲಿಂದು. ಎರಡೂ ಒಂದ ಹೊತ್ತಿಂದು ಬೇಕು."

ಮಕ್ಕಳು ನಕ್ಕರು. ಭೀಮಶಾ ತಾನೂ ನಕ್ಕ, ಸ್ವಲ್ಪ ತಡವಾಗಿ. ಅವಳು ನಗದೆ ಎದ್ದು ಶಾಲೆಯ ಕಡೆಗೆ ನಡೆದಳು. ನಾವೆಲ್ಲ ಹಿಂದೆ ನಡೆದೆವು. ಗೋಡೆಯ ನಾಲ್ಕನೆಯ ಸಾಲಿನಲ್ಲಿದ್ದ ಮೂವತ್ತಾರನ್ನು ಅಂಗೈಯಿಂದ ಒರೆಸಿ, ಭೀಮಶಾನ ಹೆಸರನ್ನು ಹಾಗೇ ಬಿಟ್ಟು, ಮುಂದಿನ ಜಾಗವನ್ನು ಖಾಲಿ ಇಟ್ಟಳು. ಸಾಬಣ್ಣನ ಕಣ್ಣು ಆ ದಿನ ನೆಲದ ಮೇಲಿರಲಿಲ್ಲ.

ಆಮೇಲೆ ನಾನು ಮತ್ತು ಹೆಡ್‌ಮಾಸ್ತರರು ಕೋಣೆಯಲ್ಲಿ ಕೂತೆವು. ತರಗತಿ ಒಳ್ಳೆಯದೆಂದು ಅವರೂ ಒಪ್ಪಿದರು. ಆದರೆ ನಿಯಮ ನಿಯಮವೇ: ಹಾಜರಿಯಲ್ಲಿಲ್ಲದವರು ಶಾಲೆಯ ಕೋಣೆಯಲ್ಲಿ ಕೂರುವಂತಿಲ್ಲ. ನಿಂಗಮ್ಮನ ಹೆಸರನ್ನು ಹಾಜರಿಗೆ ಸೇರಿಸಿಬಿಡಿ ಎಂದೆ. ವಾರಕ್ಕೆ ಆರು ದಿನ ಗೈರು ಬೀಳುತ್ತದೆ, ತಿಂಗಳೊಳಗೆ ಅವಳ ಹೆಸರು ಹೊಡೆದುಹಾಕಬೇಕಾಗುತ್ತದೆ, ಅದನ್ನು ನನ್ನ ಕೈಯಿಂದ ಮಾಡಿಸಬೇಡಿರಿ ಎಂದರು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಇಲಾಖೆಯ ನಿಯಮಗಳನ್ನು ನಾನು ಅವರಿಗಿಂತ ಹೆಚ್ಚು ವರ್ಷ ಪಾಲಿಸಿದವನು. ಹುಡುಕಿದೆ, ದಾರಿ ಕಾಣಲಿಲ್ಲ. ಕಡೆಗೆ ನಮೂನೆ ತೆಗೆದು ಬರೆದೆ: ಶಾಲೆಯ ಕೋಣೆಯಲ್ಲಿ ಸದರಿ ತರಗತಿ ಮುಂದುವರಿಯಲಾಗದು. ಅದರ ಕೆಳಗೆ, ಕೇಳದಿದ್ದ ಇನ್ನೊಂದು ಸಾಲನ್ನೂ ಸೇರಿಸಿದೆ: ಹುಡೇವಿನ ಬುಡದ ಬಯಲು ಇಲಾಖೆಗೆ ಸೇರಿದ್ದಲ್ಲ, ಅಲ್ಲಿ ಯಾರು ಯಾರಿಗೆ ಏನು ಕಲಿಸಿದರೂ ತಡೆಯುವ ಅಧಿಕಾರ ನಮಗಿಲ್ಲ, ಕಲಿಸುತ್ತಿರುವುದು ಸರಿಯಾಗಿದೆ. ಹೆಡ್‌ಮಾಸ್ತರರು ಓದಿ, ಅರ್ಜಿದಾರರೆಂದು ತಮ್ಮ ಸಹಿ ಹಾಕಿದರು. ಆಮೇಲೆ ಕಪಾಟಿನಿಂದ ಸೀಮೆಸುಣ್ಣದ ಒಂದು ಡಬ್ಬಿ ತೆಗೆದು, ಯಾರ ಮುಖವನ್ನೂ ನೋಡದೆ ಸಾಬಣ್ಣನ ಕೈಯಲ್ಲಿಟ್ಟರು.

ಸಾಬಣ್ಣನಿಗೆ ಇದು ಸೋಲೋ ಗೆಲುವೋ ತಿಳಿಯಲಿಲ್ಲ. ನನಗೂ ತಿಳಿದಿರಲಿಲ್ಲ. ಮಳೆಗಾಲದಲ್ಲಿ ಬಯಲಿನಲ್ಲಿ ಏನು ಮಾಡುತ್ತೀರಿ ಎಂದು ಕೇಳಿದೆ. ಮಳೆಯನ್ನೇ ಅಳೆಯುತ್ತೇವೆ ಎಂದ. ಮೆಟ್ರಿಕ್ ಮುಗಿದ ಮೇಲೆ ನೀವಿಬ್ಬರೂ ಇರುತ್ತೀರೋ ಎಂದೆ. ಒಂಬತ್ತನೆಯ ತರಗತಿಯ ಇಬ್ಬರನ್ನು ತಯಾರು ಮಾಡುತ್ತಿದ್ದೇವೆ ಎಂದು ಅವನು ಹೇಳಿದರೆ, ಖಾಜಾ, ಕನ್ನಡದಲ್ಲಿ ಪರೀಕ್ಷೆ ಬರೆಯುತ್ತಿರುವುದರಿಂದ ತಾನು ಇನ್ನೂ ಒಂದು ವರ್ಷ ಇಲ್ಲೇ ಸಿಗುವ ಸಂಭವ ಚೆನ್ನಾಗಿದೆ ಎಂದ. ಅದನ್ನು ಹೇಳುವಾಗ ಅವನು ನಗುತ್ತಿದ್ದ, ಆದರೆ ಪೂರ್ತಿಯಾಗಿ ಅಲ್ಲ.

ಮೂರು ಗಂಟೆಗೆ ನನ್ನ ಬಸ್ಸು. ಹುಡುಗರು ಸಂಜೆಯ ಬಸ್ಸಿಗೆ ಬರುವವರು. ಬಸ್ಸಿನ ಹತ್ತಿರ ಮಕ್ಕಳೆಲ್ಲ ನೆರೆದಿದ್ದರು. ಹೆಗಲ ಮೇಲೆ ಮಾರಾಟವಾಗದೆ ಉಳಿದ ಎರಡು ಕಂಬಳಿ ಹೊತ್ತ ಒಬ್ಬ ಮನುಷ್ಯ ಮುಂದೆ ಬಂದು ಕೈ ಮುಗಿದ. ನಿಂಗಮ್ಮನ ಅಪ್ಪ.

"ಮುಂದಿನ ವಾರ ಸಾಲಿ ಐತೇನ್ರಿ?"

"ಸಾಲಿ ಇಲ್ಲಪಾ," ಎಂದೆ. ಹೇಳುವುದು ಕಷ್ಟವಾಯಿತು. "ಕೋಣಿ ಸಿಗೂದಿಲ್ಲ. ಹುಡುಗರು ಬರ್ತಾರ, ಹುಡೇವಿನ ಹತ್ರ ಕೂಡ್ತಾರ."

ಅವನು ಕಂಬಳಿಗಳನ್ನು ಇನ್ನೊಂದು ಹೆಗಲಿಗೆ ಬದಲಿಸಿದ. "ಹುಡುಗರು ಬಂದ್ರ ನಾನೂ ಕರ್ಕೊಂಡ್ ಬರ್ತೀನ್ರಿ. ಕೋಣಿ ನಮಗೇನ ಮಾಡೂದೈತಿ, ಕುರಿ ಕಾಯಾವ್ರು."

ನಾನು ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತೆ. ನಿಂಗಮ್ಮ ಕಿಟಕಿಯ ಕೆಳಗೆ ಬಂದು ನಿಂತಳು. ಅವಳ ಅಂಗೈಗೆ ಇನ್ನೂ ಸೀಮೆಸುಣ್ಣ ಹತ್ತಿತ್ತು. ನೀವು ಮತ್ತೆ ಬರುತ್ತೀರಾ ಎಂದು ಕೇಳಿದಳು. ಮಕ್ಕಳಿಗೆ ಸುಳ್ಳು ಹೇಳಬಾರದೆಂದು, ಇಲಾಖೆ ನಮ್ಮಂಥವರನ್ನು ಕಳಿಸುವುದು ಯಾರಾದರೂ ತಪ್ಪಾಗಿದೆ ಎಂದು ದೂರು ಬರೆದಾಗ ಮಾತ್ರ ಎಂದು ವಿವರಿಸಿದೆ. ಅವಳು ಗಂಭೀರವಾಗಿ ಕೇಳಿಸಿಕೊಂಡಳು. ಡ್ರೈವರು ಗಾಡಿ ಚಾಲೂ ಮಾಡಿದ.

"ಹಂಗಾರ ಇನ್ನೊಂದು ತಪ್ಪು ಬರೀತೀವ್ರಿ," ಎಂದಳು ನಿಂಗಮ್ಮ. "ಈ ಸಲ ದೊಡ್ಡದು."

ಬಸ್ಸು ಹೊರಟಿತು. ಹೊರಳಿ ನೋಡಿದಾಗ ಅವರು ಯಾರೂ ನನಗೆ ಕೈ ಬೀಸುತ್ತಿರಲಿಲ್ಲ. ಗೌರಿ ಏನೋ ಕೇಳುತ್ತಿದ್ದಳು, ಖಾಜಾ ಗೊತ್ತಿಲ್ಲವೆಂದು ತಲೆ ಆಡಿಸುತ್ತಿದ್ದ, ನಿಂಗಮ್ಮನ ಅಪ್ಪ ಕಂಬಳಿಗಳನ್ನು ಕೆಳಗಿಟ್ಟು ಕಲ್ಲಿನ ಮೇಲೆ ಕೂತಿದ್ದ. ಇನ್ನೂ ಬಿಸಿಲು ಇತ್ತು. ಮಕ್ಕಳು ಗುಡ್ಡದ ಕಡೆ ನಡೆಯತೊಡಗಿದರು.